ಬೇಕು ಬೇರೆ, ಇಷ್ಟ ಬೇರೆ: ಚಟ ಮೆದುಳಿನೊಳಗೆ ಮಾಡುವ ಕೆಲಸ

ಮಲ್ಪೆ ಬಂದರಿನಲ್ಲಿ ಐಸ್ ಕರಗಿ ಒದ್ದೆಯಾಗಿದ್ದ ನೆಲದ ಮೇಲೆ ಜಾರಿ ಬಿದ್ದು ನನ್ನ ಸೋದರಮಾವ ಕಾಲು ಮುರಿದುಕೊಂಡರು. ಉಡುಪಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೊದಲ ದಿನ ಚೆನ್ನಾಗಿಯೇ ಇದ್ದರು. ಎರಡನೇ ದಿನ ಕೈ ನಡುಕ, ಮೈಯೆಲ್ಲಾ ಬೆವರು, ನಿದ್ದೆ ಇಲ್ಲ. ಮೂರನೇ ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯತೊಡಗಿದರು. "ಬಲೆ ಭಾರ ಇದೆ, ಎಳೀರಿ, ಎಳೀರಿ" ಎಂದು ಕೂಗಿದರು. ಗೋಡೆ ತುಂಬಾ ಏಡಿ ಹರಿಯುತ್ತಿವೆ ಎಂದರು. ಅತ್ತೆ ಅಳುತ್ತಾ ಫೋನ್ ಮಾಡಿದರು: "ಏನೋ ಗಾಳಿ ಸೋಂಕಿದೆ ಮಗಾ. ನಾಳೆಯೇ ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ."

ಸೋಂಕಿದ್ದು ಏನೂ ಇರಲಿಲ್ಲ. ಇಪ್ಪತ್ತು ವರ್ಷ ದಿನಾ ಕುಡಿದವರಿಗೆ ಮೂರು ದಿನ ಕುಡಿಯಲು ಸಿಕ್ಕಿರಲಿಲ್ಲ. ಆಸ್ಪತ್ರೆಗೆ ಸೇರಿಸುವಾಗ ಡಾಕ್ಟರು "ಕುಡಿಯುವ ಅಭ್ಯಾಸ ಇದೆಯಾ?" ಎಂದು ಕೇಳಿದ್ದರು. "ಯಾವಾಗಲಾದರೂ ಸ್ವಲ್ಪ" ಎಂದು ಹೇಳಿದವಳು ನಾನೇ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು ನಾನು. ನರಕೋಶದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬಿಡಿಸಿದ್ದೇನೋ ಲೆಕ್ಕವಿಲ್ಲ. ಆದರೂ ನಾಲ್ಕು ಜನರ ಎದುರು ಮಾವನ ಮರ್ಯಾದೆ ಹೋಗಬಾರದು ಎಂದು ಸುಳ್ಳು ಹೇಳಿದೆ. ಆ ಸುಳ್ಳಿಗೆ ಅವರ ಜೀವವೇ ಹೋಗಬಹುದಿತ್ತು.

ಆ ರಾತ್ರಿಯ ನಂತರ ನಾನು ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಚಟದ ಬಗ್ಗೆ ಎರಡೇ ಮಾತು ಕೇಳುತ್ತದೆ. "ಮನಸ್ಸು ಮಾಡಿದರೆ ಬಿಡಬಹುದು" ಎನ್ನುವುದು ಒಂದು. "ಅವನ ಕಥೆ ಮುಗೀತು" ಎನ್ನುವುದು ಇನ್ನೊಂದು. ಎರಡೂ ತಪ್ಪು. ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಮೆದುಳಿನ ಒಳಗೆ ಸ್ವಲ್ಪ ಇಣುಕಬೇಕು.

ಕಡವು, ದೋಣಿ, ದಕ್ಕೆ

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಹೆಚ್ಚಿನ ಕಡೆ ಒಂದು ಕೋಶ ಇನ್ನೊಂದಕ್ಕೆ ತಾಗುವುದಿಲ್ಲ. ನಡುವೆ ಸಣ್ಣ ಸಂದು ಇದೆ. ತಲೆಕೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ, ಅದರ ಒಂದು ಪಾಲಿಗಿಂತಲೂ ಕಿರಿದು. ಮಕ್ಕಳಿಗೆ ನಾನು ಇದನ್ನು ಹೊಳೆಯ ಕಡವು ಎಂದು ಹೇಳಿಕೊಡುತ್ತೇನೆ. ಆಚೆ ದಡಕ್ಕೆ ಸುದ್ದಿ ಮುಟ್ಟಿಸಲು ಈಚೆ ದಡದ ಕೋಶ ದೋಣಿ ಬಿಡುತ್ತದೆ. ದೋಣಿ ಎಂದರೆ ಒಂದು ರಾಸಾಯನಿಕ. ಆಚೆ ದಡದಲ್ಲಿ ದೋಣಿ ನಿಲ್ಲಲು ದಕ್ಕೆಗಳಿವೆ. ಪಾಠಪುಸ್ತಕದಲ್ಲಿ ಅವುಗಳಿಗೆ ಗ್ರಾಹಕ ಎಂದು ಹೆಸರು. ದೋಣಿ ದಕ್ಕೆಗೆ ತಾಗಿದರೆ ಸುದ್ದಿ ತಲುಪಿದಂತೆ. ಆಮೇಲೆ ಈಚೆ ದಡದ ಕೋಶ ದೋಣಿಗಳನ್ನು ವಾಪಸ್ ಎಳೆದುಕೊಳ್ಳುತ್ತದೆ.

ಇಂಥ ದೋಣಿಗಳಲ್ಲಿ ಒಂದು ಡೋಪಮಿನ್. ಇದನ್ನು ತಯಾರಿಸುವ ಕೋಶಗಳು ಬಹಳ ಕಡಿಮೆ, ಕೆಲವೇ ಲಕ್ಷ. ಮೆದುಳಿನ ನಡುಭಾಗದಲ್ಲಿ ಕೂತಿವೆ. ಅಲ್ಲಿಂದ ಅವುಗಳ ಎಳೆಗಳು ಮುಂದಕ್ಕೆ ಚಾಚಿ, ಆಸೆ ಹುಟ್ಟಿಸುವ ಜಾಗಗಳನ್ನು ಮುಟ್ಟುತ್ತವೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಒಂದು ವಿಚಿತ್ರ ಕಂಡರು. ಇಲಿಯ ಮೆದುಳಿನೊಳಗೆ ತೆಳ್ಳಗಿನ ತಂತಿ ಇಟ್ಟು, ಸನ್ನೆಕೋಲನ್ನು ಅದುಮಿದರೆ ಸಣ್ಣ ವಿದ್ಯುತ್ ಹರಿಯುವ ಹಾಗೆ ಮಾಡಿದ್ದರು. ಇಲಿ ಮತ್ತೆ ಮತ್ತೆ ಸನ್ನೆ ಅದುಮಿತು. ಕೆಲವು ಇಲಿಗಳು ಗಂಟೆಗೆ ಸಾವಿರಕ್ಕೂ ಹೆಚ್ಚು ಸಲ ಅದುಮಿದವು. ಆಗ ಎಲ್ಲರೂ ಇದನ್ನು ಸುಖದ ಜಾಗ ಎಂದುಕೊಂಡರು. ಡೋಪಮಿನ್ ಅಂದರೆ ಸುಖ ಎಂದು ಇವತ್ತಿಗೂ ಮೊಬೈಲಿನಲ್ಲಿ ಬರುವ ವಿಡಿಯೋಗಳು ಹೇಳುತ್ತವೆ.

ಅದು ಪೂರ್ತಿ ಸರಿಯಲ್ಲ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ ಎಂದು ಕೇಳುತ್ತೇನೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಇಲಿಗಳ ಮೆದುಳಿನಲ್ಲಿ ಡೋಪಮಿನ್ ಬಹುಮಟ್ಟಿಗೆ ಇಲ್ಲದ ಹಾಗೆ ಮಾಡಿ ನೋಡಿದರು. ಆ ಇಲಿಗಳ ಎದುರು ಆಹಾರ ಇಟ್ಟರೆ ಹೋಗಿ ತಿನ್ನಲಿಲ್ಲ. ಹಾಗೆಯೇ ಬಿಟ್ಟರೆ ಹಸಿದು ಸಾಯುವಂತಿದ್ದವು. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟಾಗ ಮೊದಲಿನಂತೆಯೇ ಚಪ್ಪರಿಸಿದವು. ಅಂದರೆ ರುಚಿ ಹಾಗೆಯೇ ಇತ್ತು. ಹೋಗಿದ್ದು 'ಬೇಕು' ಎನ್ನುವುದು. ಮೆದುಳಿನಲ್ಲಿ 'ಇಷ್ಟ'ದ ದಾರಿ ಬೇರೆ, 'ಬೇಕು'ವಿನ ದಾರಿ ಬೇರೆ. ಡೋಪಮಿನ್ ಮುಖ್ಯವಾಗಿ 'ಬೇಕು'ವಿನ ದೋಣಿ.

ಮಾವ ಒಮ್ಮೆ ನನ್ನಲ್ಲಿ ಹೇಳಿದ್ದರು, "ಈಗ ಕುಡಿದರೆ ಏನೂ ಸುಖ ಇಲ್ಲ ಮಗಾ. ಆದರೆ ಬಿಡಲಿಕ್ಕೆ ಆಗುವುದಿಲ್ಲ." ಆಗ ನಾನು ಅದನ್ನು ನೆಪ ಎಂದುಕೊಂಡಿದ್ದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಚಟ ಬೆಳೆದಂತೆ ಇಷ್ಟ ಇಳಿಯುತ್ತಾ ಹೋಗುತ್ತದೆ, ಬೇಕು ಏರುತ್ತಾ ಹೋಗುತ್ತದೆ.

ಮೀನಿನವನ ಹಾರ್ನ್

ಬೆಳಿಗ್ಗೆ ನಮ್ಮ ಓಣಿಗೆ ಮೀನಿನವನು ಬರುತ್ತಾನೆ. ಅವನ ಹಾರ್ನ್ ದೂರದಲ್ಲಿ ಕೇಳಿದರೆ ಸಾಕು, ಅಕ್ಕಪಕ್ಕದ ಬೆಕ್ಕುಗಳೆಲ್ಲಾ ಗೇಟಿನ ಹತ್ತಿರ ಬಂದು ನಿಲ್ಲುತ್ತವೆ. ಮೀನು ಇನ್ನೂ ಕಂಡಿಲ್ಲ, ವಾಸನೆಯೂ ಬಂದಿಲ್ಲ. ಹಾರ್ನ್ ಕೇಳಿಯೇ ಬೆಕ್ಕಿನ ಮೈ ಚುರುಕಾಗುತ್ತದೆ.

ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮೆದುಳಿನಲ್ಲಿ ಇದನ್ನೇ ಅಳೆದರು. ಮಂಗಕ್ಕೆ ಹಣ್ಣಿನ ರಸ ಸಿಕ್ಕಾಗ ಮೊದಮೊದಲು ಡೋಪಮಿನ್ ಕೋಶಗಳು ಜೋರಾಗಿ ಮಿಡಿದವು. ರಸ ಕೊಡುವ ಮೊದಲು ಪ್ರತಿ ಸಲ ಒಂದು ಗುರುತು ತೋರಿಸುತ್ತಾ ಹೋದರೆ, ಕೆಲ ಸಮಯದ ನಂತರ ಆ ಮಿಡಿತ ರಸದಿಂದ ಗುರುತಿಗೆ ಸರಿಯಿತು. ಗುರುತು ಕಂಡ ಮೇಲೆ ರಸ ಬಾರದಿದ್ದರೆ, ಬರಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಕೋಶಗಳು ಇದ್ದ ಮಿಡಿತವನ್ನೂ ಇಳಿಸಿಬಿಟ್ಟವು.

ಇದು ಕೆಟ್ಟ ವ್ಯವಸ್ಥೆಯಲ್ಲ. ಯಾವ ಮರದಲ್ಲಿ ಹಣ್ಣು ಸಿಕ್ಕಿತು, ಯಾವ ನೀರಿನಲ್ಲಿ ಮೀನು ಬಂತು ಎಂದು ಮೆದುಳು ಕಲಿಯುವುದೇ ಹೀಗೆ. ಆದರೆ ಊಟ, ಆಟ, ಗೆಳೆತನದಿಂದ ಏಳುವ ಡೋಪಮಿನ್‌ಗೆ ಒಂದು ಮಿತಿ ಇದೆ. ಹೊಟ್ಟೆ ತುಂಬಿದ ಮೇಲೆ ಅದು ಇಳಿಯುತ್ತದೆ. ಅಮಲಿನ ವಸ್ತು ಆ ಮಿತಿಯನ್ನು ಮೀರಿ, ಪ್ರತಿ ಸಲವೂ, ಎಷ್ಟನೇ ಸಲವಾದರೂ ಡೋಪಮಿನ್ ಏರಿಸುತ್ತದೆ. ಹಾಗಾಗಿ ಮೆದುಳು ಆ ಪಾಠವನ್ನು ಬೇರೆ ಎಲ್ಲ ಪಾಠಕ್ಕಿಂತ ಗಟ್ಟಿಯಾಗಿ ಕಲಿಯುತ್ತದೆ. ಬರೀ ವಸ್ತುವನ್ನಲ್ಲ, ಸುತ್ತಲಿನ ಎಲ್ಲವನ್ನೂ ಕಲಿಯುತ್ತದೆ. ಗಡಂಗಿನ ಎದುರಿನ ಬಸ್‌ಸ್ಟಾಪು, ಸಂಜೆ ಆರು ಗಂಟೆ, ಜೊತೆಗೆ ಕೂರುವ ಗೆಳೆಯನ ಬೈಕಿನ ಸದ್ದು. ಮಾವನಿಗೆ ಮಳೆಯೂ ಒಂದು ಹಾರ್ನ್ ಆಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿ, ಕೈಯಲ್ಲಿ ಕೆಲಸ ಇಲ್ಲ. ಆ ಎರಡು ತಿಂಗಳು ಕುಡಿತ ದುಪ್ಪಟ್ಟು. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಬಾಯಿ ಒಣಗುತ್ತಿತ್ತು ಎಂದು ಆಮೇಲೆ ಅವರೇ ಹೇಳಿದರು.

ಇನ್ನೊಂದು ಕಡೆ, ದಿನಾ ದೋಣಿಗಳ ಸಂತೆ ನೆರೆದರೆ ಆಚೆ ದಡದ ಕೋಶ ಏನು ಮಾಡುತ್ತದೆ? ದಕ್ಕೆಗಳನ್ನು ಕಿತ್ತು ಹಾಕುತ್ತದೆ. ಸದ್ದು ಜಾಸ್ತಿಯಾದರೆ ನಾವು ಕಿವಿ ಮುಚ್ಚಿಕೊಳ್ಳುವುದಿಲ್ವಾ, ಹಾಗೆ. ನೋರಾ ವೊಲ್ಕೋವ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಕೊಕೇನ್ ಚಟ ಇದ್ದವರ ಮೆದುಳಿನ ಸ್ಕ್ಯಾನ್ ಮಾಡಿದಾಗ ಡೋಪಮಿನ್‌ನ ಒಂದು ಬಗೆಯ ದಕ್ಕೆಗಳು ಕಡಿಮೆ ಇದ್ದದ್ದು ಕಂಡುಬಂತು. ಪರಿಣಾಮ ಎರಡು. ಮೊದಲಿನ ಅಮಲು ಬೇಕಾದರೆ ಜಾಸ್ತಿ ಬೇಕು. ಜೊತೆಗೆ ಮಗುವಿನ ನಗು, ಬಿಸಿ ಗಂಜಿ, ಕಂಬಳದ ಗೌಜಿ, ಯಾವುದೂ ಮನಸ್ಸಿಗೆ ಹತ್ತುವುದಿಲ್ಲ. "ಮನೆಯವರ ಮೇಲೆ ಪ್ರೀತಿಯೇ ಇಲ್ಲ" ಎಂದು ನಾವು ಬೈಯುತ್ತೇವೆ. ಪ್ರೀತಿ ಸತ್ತಿರುವುದಿಲ್ಲ. ಅದು ಬಂದು ನಿಲ್ಲಲು ದಕ್ಕೆಯೇ ಇರುವುದಿಲ್ಲ.

ಒಂದೊಂದು ವಸ್ತುವಿನ ಒಂದೊಂದು ದಾರಿ

ಡೋಪಮಿನ್ ದೋಣಿಗಳು ವಾಪಸ್ ಬರುವ ದಾರಿಯನ್ನು ಕೊಕೇನ್ ಮುಚ್ಚುತ್ತದೆ. ದೋಣಿಗಳು ಹೊಳೆಯಲ್ಲೇ ಉಳಿದು ಮತ್ತೆ ಮತ್ತೆ ದಕ್ಕೆಗೆ ಬಡಿಯುತ್ತವೆ. ಮೆಥಾಂಫೆಟಮಿನ್ ಇನ್ನೂ ಕ್ರೂರ. ಈಚೆ ದಡದಲ್ಲಿ ಕಟ್ಟಿಟ್ಟ ದೋಣಿಗಳನ್ನೆಲ್ಲಾ ಬಿಚ್ಚಿ ನೀರಿಗೆ ತಳ್ಳುತ್ತದೆ. ನಮ್ಮ ಊರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಹೆಸರು ಬರುವ ಎಂಡಿಎಂಎ ಇದರ ನೆಂಟ. 1912ರಲ್ಲಿ ಜರ್ಮನಿಯ ಮೆರ್ಕ್ ಕಂಪನಿಯಲ್ಲಿ ಮೊದಲು ತಯಾರಾಯಿತು. ಇದು ಮುಖ್ಯವಾಗಿ ಸೆರಟೋನಿನ್ ಎಂಬ ದೋಣಿಗಳನ್ನು ಖಾಲಿ ಮಾಡಿಸುತ್ತದೆ. ಎಲ್ಲರೂ ನಮ್ಮವರೇ ಎಂಬ ಭಾವ ಬರುವುದು ಅದರಿಂದ. ಎರಡು ಮೂರು ದಿನ ಕಳೆದ ಮೇಲೆ ಮಂಕು ಕವಿಯುವುದು, ಸುಮ್ನೆ ಅಳು ಬರುವುದು ಕೂಡ ಬಹುಮಟ್ಟಿಗೆ ಅದರಿಂದಲೇ. ದೇಹದ ಬಿಸಿ ಏರುವುದು ಇದರ ದೊಡ್ಡ ಅಪಾಯ. ಮಂಗಳೂರಿನಂಥ ಸೆಕೆಯ ಊರಿನಲ್ಲಿ, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಕುಣಿದರೆ ಮೈ ಬಿಸಿ ಕೈಮೀರಿ ಹೋಗಬಹುದು. ಆ ಹೆಸರಿನಲ್ಲಿ ಮಾರುವ ಪುಡಿಯಲ್ಲಿ ನಿಜವಾಗಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಗಾಂಜಾದ ಕಥೆಯಲ್ಲಿ ನಮ್ಮದೇ ಒಂದು ಪದ ಬರುತ್ತದೆ. 1964ರಲ್ಲಿ ಇಸ್ರೇಲಿನ ರಫೇಲ್ ಮೆಷೂಲಂ ಮತ್ತು ಯೆಹಿಯೆಲ್ ಗಾವೊನಿ ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ನಿಲ್ಲಲು ಮೆದುಳಿನಲ್ಲಿ ದಕ್ಕೆ ಇದೆ ಎಂದಾದರೆ ದೇಹವೇ ಅಂಥದ್ದೇನೋ ತಯಾರಿಸುತ್ತಿರಬೇಕು, ಅಲ್ವಾ? 1992ರಲ್ಲಿ ಮೆಷೂಲಂ ಅವರ ತಂಡಕ್ಕೆ ಅದು ಸಿಕ್ಕಿತು. ಸಂಸ್ಕೃತದ ಆನಂದ ಪದದಿಂದ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ನೋವು, ಹಸಿವು, ನೆನಪು ಎಲ್ಲವನ್ನೂ ಹದದಲ್ಲಿ ಇಡುವ ಕೆಲಸ ಅದರದ್ದು. ಎಷ್ಟು ಬೇಕೋ ಅಷ್ಟು, ಎಲ್ಲಿ ಬೇಕೋ ಅಲ್ಲಿ ಹುಟ್ಟಿ ಬೇಗ ಕರಗುತ್ತದೆ. ಗಾಂಜಾ ಹಾಗಲ್ಲ. ಇಡೀ ಮೆದುಳಿಗೆ ಒಟ್ಟಿಗೇ ನುಗ್ಗುತ್ತದೆ, ಗಂಟೆಗಟ್ಟಲೆ ಇರುತ್ತದೆ. ಕೊಬ್ಬಿನಲ್ಲಿ ಕರಗುವುದರಿಂದ ದಿನಾ ಸೇದುವವರ ದೇಹದಲ್ಲಿ ಅದರ ಅಂಶ ವಾರಗಟ್ಟಲೆ ಉಳಿಯುತ್ತದೆ. ನೆನಪು ಮೂಡಿಸುವ ಜಾಗದಲ್ಲಿ ಈ ದಕ್ಕೆಗಳು ಜಾಸ್ತಿ. ಹಾಗಾಗಿ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಹದಿಹರೆಯದಲ್ಲಿ ಶುರುಮಾಡಿ ದಿನಾ ಸೇದುವವರಲ್ಲಿ, ಯಾರೋ ಹಿಂಬಾಲಿಸುತ್ತಿದ್ದಾರೆ, ಯಾರೋ ಮಾತಾಡುತ್ತಿದ್ದಾರೆ ಎನ್ನುವ ಮನೋರೋಗದ ಅಪಾಯ ಹೆಚ್ಚು. "ಅದು ಗಿಡ ಅಲ್ವಾ ಮೇಡಂ, ನ್ಯಾಚುರಲ್" ಎಂದು ಒಬ್ಬ ಹುಡುಗ ಕ್ಲಾಸಿನಲ್ಲಿ ಕೇಳಿದ್ದ. ತಂಬಾಕೂ ಗಿಡವೇ. ಅಫೀಮು ಬರುವುದೂ ಗಿಡದಿಂದಲೇ.

ಅಡಿಕೆಯೂ ಮರದ್ದೇ. ನಮ್ಮ ಜಿಲ್ಲೆಗಳಲ್ಲಿ ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಅಡಿಕೆ ತೋಟದ ದುಡ್ಡಿನಲ್ಲಿ ಓದಿದ ಎಷ್ಟೋ ಮಕ್ಕಳಿಗೆ ನಾನು ಪಾಠ ಮಾಡಿದ್ದೇನೆ. ಆದರೂ ಹೇಳಲೇಬೇಕು. ಅಡಿಕೆಯಲ್ಲಿ ಅರೆಕೋಲಿನ್ ಇದೆ. ತಂಬಾಕಿನ ನಿಕೋಟಿನ್ ನಿಲ್ಲುವ ಕೆಲವು ದಕ್ಕೆಗಳಿಗೆ ಅದೂ ತಾಗುತ್ತದೆ. ದಿನವಿಡೀ ಜಗಿದರೆ ಬಾಯಿಯ ಒಳಚರ್ಮ ಗಟ್ಟಿಯಾಗಿ, ಮೂರು ಬೆರಳು ಹಿಡಿಯುವಷ್ಟೂ ಬಾಯಿ ತೆರೆಯಲು ಆಗದ ಸ್ಥಿತಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಮದ್ಯವನ್ನು 1988ರಲ್ಲೇ ಸೇರಿಸಿತ್ತು.

ಹೊಗೆಯ ವಿಷಯಕ್ಕೆ ಬಂದರೆ ವೇಗವೇ ಮುಖ್ಯ. ಬೀಡಿಯಾಗಲಿ ಸಿಗರೇಟಾಗಲಿ, ಒಂದು ದಮ್ಮು ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳಿಗೆ ತಲುಪುತ್ತದೆ. ವಸ್ತು ಎಷ್ಟು ಬೇಗ ಮೆದುಳು ಮುಟ್ಟುತ್ತದೋ ಅಷ್ಟು ಗಟ್ಟಿಯಾಗಿ ಚಟ ಕೂರುತ್ತದೆ. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಸಮೀಕ್ಷೆಯ ಲೆಕ್ಕ ನೋಡಿ. ತಂಬಾಕು ಬಳಸಿ ನೋಡಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಚಟವಾಗಿತ್ತು. ಹೆರಾಯಿನ್ ಬಳಸಿದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಮದ್ಯ ಕುಡಿದವರಲ್ಲಿ ಏಳು ಜನರಲ್ಲಿ ಒಬ್ಬರಿಗೆ, ಗಾಂಜಾದಲ್ಲಿ ಹನ್ನೊಂದು ಜನರಲ್ಲಿ ಒಬ್ಬರಿಗೆ. ಅಂದರೆ ರುಚಿ ನೋಡಿದ ಎಲ್ಲರೂ ಬೀಳುವುದಿಲ್ಲ. ಯಾರು ಬೀಳುತ್ತಾರೆ ಎನ್ನುವುದರಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬರುತ್ತದೆ. ಉಳಿದದ್ದು ಶುರುಮಾಡಿದ ವಯಸ್ಸು, ಮನೆಯ ಕಷ್ಟ, ಒಳಗಿನ ಬೇಸರ. ಯಾರ ಚೀಟಿ ಯಾವುದು ಎಂದು ಮೊದಲೇ ತಿಳಿಯುವುದಿಲ್ಲ. ನನ್ನ ಮಕ್ಕಳಿಗೆ ನಾನು ಹೇಳುವುದು ಇಷ್ಟನ್ನೇ.

ಅಫೀಮಿನ ಜಾತಿಯವು, ಅಂದರೆ ಹೆರಾಯಿನ್, ಮಾರ್ಫಿನ್, ಕೆಲವು ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಇವುಗಳ ದಕ್ಕೆಗಳು 1973ರಲ್ಲಿ ಗೊತ್ತಾದವು. ಈ ದಕ್ಕೆಗಳು ಉಸಿರಾಟ ನಡೆಸುವ ಮೆದುಳಿನ ಬುಡದಲ್ಲೂ ಇವೆ. ಅದಕ್ಕೇ ಇವು ಹೆಚ್ಚಾದರೆ ಉಸಿರು ನಿಧಾನವಾಗಿ ನಿಂತೇ ಹೋಗುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ತುಟಿ ನೀಲಿಯಾಗಿ, ಎಬ್ಬಿಸಿದರೆ ಏಳದವರನ್ನು ಕಂಡರೆ ನಿದ್ದೆ ಮಾಡಲಿ ಎಂದು ಬಿಡಬೇಡಿ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ನಾಲೊಕ್ಸೋನ್ ಎಂಬ ಮದ್ದು ಆ ದಕ್ಕೆಗಳಿಂದ ವಿಷವನ್ನು ತಳ್ಳಿ ಉಸಿರು ವಾಪಸ್ ತರುತ್ತದೆ. ಇನ್ನೊಂದು ವಿಷಯ ಮನೆಯವರಿಗೆ ಗೊತ್ತಿರಲೇಬೇಕು. ಕೆಲವು ವಾರ ಬಿಟ್ಟಿದ್ದವರು ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಸಾಯುವ ಅಪಾಯ ಜಾಸ್ತಿ. ದೇಹ ಮೊದಲಿನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ.

ಮೂರನೇ ರಾತ್ರಿ ಏನಾಯಿತು

ಈಗ ಮಾವನ ವಿಷಯ. ಮದ್ಯದ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಪತ್ರಿಕೆಯಲ್ಲಿ ಸುದ್ದಿಯಾಗುವುದು ಎಂಡಿಎಂಎ, ನಮ್ಮ ಮನೆಗಳನ್ನು ತಿನ್ನುತ್ತಿರುವುದು ಕುಡಿತ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ. 14.6ರಷ್ಟು ಜನ ಮದ್ಯ ಕುಡಿಯುತ್ತಾರೆ. ಕುಡಿತದಿಂದ ಹೊರಬರಲು ಸಹಾಯ ಬೇಕಾದವರು 5 ಕೋಟಿಗೂ ಹೆಚ್ಚು.

ಮೆದುಳಿನಲ್ಲಿ ಗಾಬಾ ಎನ್ನುವ ದೋಣಿ ಬ್ರೇಕ್, ಗ್ಲುಟಮೇಟ್ ಎನ್ನುವ ದೋಣಿ ಆಕ್ಸಿಲರೇಟರ್. ಮದ್ಯ ಬ್ರೇಕನ್ನು ಒತ್ತುತ್ತದೆ, ಆಕ್ಸಿಲರೇಟರನ್ನು ಸಡಿಲಿಸುತ್ತದೆ. ಮೊದಲು ಹೋಗುವುದು ಅಂಜಿಕೆ. ಆಮೇಲೆ ನಾಲಗೆ, ಹೆಜ್ಜೆ, ನೆನಪು. ಇದು ದಿನಾ ಆದರೆ ಮೆದುಳು ಸುಮ್ಮನಿರುವುದಿಲ್ಲ. ಯಾರೋ ಸದಾ ಬ್ರೇಕ್ ಮೇಲೆ ಕಾಲಿಟ್ಟಿದ್ದಾರೆ ಎಂದು, ಅದು ತನ್ನ ಬ್ರೇಕನ್ನು ತಾನೇ ಸಡಿಲ ಮಾಡಿ ಆಕ್ಸಿಲರೇಟರನ್ನು ಪೂರ್ತಿ ಅದುಮಿ ಹಿಡಿಯುತ್ತದೆ. ಹೀಗೆ ಎರಡೂ ಸಮವಾಗಿ ಗಾಡಿ ಓಡುತ್ತಿರುತ್ತದೆ. ಕುಡಿದರೇ ಕೈ ನಿಲ್ಲುತ್ತದೆ ಎನ್ನುವವರ ಸ್ಥಿತಿ ಇದು. ಅಂಥವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಮದ್ಯ ನಿಂತರೆ? ಆಗುಂಬೆ ಘಾಟಿ ಇಳಿಯುವ ಬಸ್ಸಿನ ಬ್ರೇಕ್ ಹೋಗಿ, ಆಕ್ಸಿಲರೇಟರ್ ಮಾತ್ರ ಒತ್ತಿಕೊಂಡೇ ಇದ್ದ ಹಾಗೆ.

ಕೊನೆಯ ಗುಟುಕಿನ 6ರಿಂದ 24 ಗಂಟೆಯಲ್ಲಿ ನಡುಕ, ಬೆವರು, ವಾಂತಿ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಇನ್ನು ಕೆಲವರಿಗೆ ಭ್ರಮೆ. ಹುಳ, ಇರುವೆ, ಪ್ರಾಣಿಗಳು ಕಾಣುತ್ತವೆ. ತಾವು ಎಲ್ಲಿದ್ದೇವೆ ಎಂದು ತಿಳಿಯುವುದಿಲ್ಲ. ಎಷ್ಟೋ ಜನ ತಮ್ಮ ದಿನದ ಕೆಲಸವನ್ನೇ ಗಾಳಿಯಲ್ಲಿ ಮಾಡುತ್ತಾರೆ. ಡ್ರೈವರ್ ಸ್ಟಿಯರಿಂಗ್ ತಿರುಗಿಸುತ್ತಾನೆ, ದರ್ಜಿ ಬಟ್ಟೆ ಹೊಲಿಯುತ್ತಾನೆ. ನನ್ನ ಮಾವ ಬಲೆ ಎಳೆದರು. ಅಲ್ಲಿಯವರೆಗೆ ಅವರಿಗೆ ಹೀಗೆ ಆಗದೆ ಇದ್ದದ್ದಕ್ಕೆ ಕಾರಣ ಇದೆ. ಹತ್ತು ದಿನ ಕಡಲಿಗೆ ಹೋದರೂ ಐಸು, ಡೀಸೆಲ್ಲಿನ ಜೊತೆ ಬಾಟಲಿಯೂ ಬೋಟು ಹತ್ತುತ್ತಿತ್ತು. ಆಸ್ಪತ್ರೆಗೆ ಮಾತ್ರ ಹತ್ತಲಿಲ್ಲ.

ಈ ಸ್ಥಿತಿಗೆ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಬದುಕುತ್ತಾರೆ. ಸಿಗದಿದ್ದರೆ ಜೀವ ಹೋಗಬಹುದು. ಲೊರಾಜೆಪಾಮ್‌ನಂಥ ಮದ್ದು ಕೊಟ್ಟು ಬ್ರೇಕನ್ನು ಹಿಡಿದು, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾರೆ. ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಕುಡಿಯುವವರು ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದರಲ್ಲಿನ ಬಿ1 ಕೂಡ ಮೈಗೆ ಹತ್ತುವುದಿಲ್ಲ. ಅದು ತೀರಾ ಕಡಿಮೆಯಾದರೆ ಕಣ್ಣಿನ ಚಲನೆ ತಪ್ಪುತ್ತದೆ, ನಡಿಗೆ ತೂರಾಡುತ್ತದೆ, ಹೊಸ ನೆನಪು ಮೂಡುವುದೇ ನಿಲ್ಲಬಹುದು. ಆದ್ದರಿಂದ ದಿನಾ ಜಾಸ್ತಿ ಕುಡಿಯುವವರನ್ನು ಮನೆಯಲ್ಲಿ ಕೋಣೆಗೆ ಹಾಕಿ ಬೀಗ ಜಡಿದು "ಬಿಡಿಸುವ" ಸಾಹಸ ಮಾಡಬೇಡಿ. ಪ್ರಶ್ನೆ ಇಡಿಸುವುದು ನಿಮ್ಮ ನಂಬಿಕೆ, ಇಡಿಸಿ. ಆದರೆ ಮೊದಲು ಆಸ್ಪತ್ರೆಗೆ ಹೋಗಿ. ಎಷ್ಟು ಕುಡಿಯುತ್ತಾರೆ, ಕೊನೆಗೆ ಕುಡಿದದ್ದು ಯಾವಾಗ ಎಂದು ಸರಿಯಾಗಿ ಹೇಳಿ.

ಯಕೃತ್ತಿನ ಲೆಕ್ಕವೂ ಸ್ವಲ್ಪ ನೋಡೋಣ. ಒಂದು ಕ್ವಾರ್ಟರ್, ಅಂದರೆ 180 ಎಂಎಲ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಅಂದರೆ ರಾತ್ರಿ ಹನ್ನೊಂದಕ್ಕೆ ಕುಡಿದು ಮುಗಿಸಿದ ಕ್ವಾರ್ಟರ್ ಬೆಳಿಗ್ಗೆ ಬೈಕ್ ಹತ್ತುವಾಗಲೂ ರಕ್ತದಲ್ಲಿ ಉಳಿದಿರಬಹುದು. ಲಿಂಬೆ ಹುಳಿ, ಮಜ್ಜಿಗೆ, ತಣ್ಣೀರು ಸ್ನಾನ, ಯಾವುದೂ ಇದನ್ನು ಬೇಗ ಮಾಡುವುದಿಲ್ಲ. ಕರಗಿಸುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಯಕೃತ್ತಿಗೆ ಕೊಬ್ಬು ತುಂಬುತ್ತದೆ, ಆಮೇಲೆ ಉರಿಯೂತ, ಆಮೇಲೆ ಗಾಯ ಒಣಗಿದ ಕಲೆಯ ಹಾಗೆ ಗಟ್ಟಿ. ಕೊಬ್ಬಿನ ಹಂತದಲ್ಲಿ ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಚೇತರಿಸುತ್ತದೆ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಕಾಮಾಲೆಯ ಹಳ್ಳಿ ಮದ್ದು ಹುಡುಕಿಕೊಂಡು ಹೋದರೆ ಕಾಲ ಮೀರಿರುತ್ತದೆ.

ಹಾಗೆಯೇ ಗುಟ್ಟಾಗಿ ಸಾರಿಗೆ, ಚಹಾಕ್ಕೆ ಬೆರೆಸುವ ಕುಡಿತ ಬಿಡಿಸುವ ಪುಡಿ. ದಯವಿಟ್ಟು ಬೇಡ. ಡೈಸಲ್ಫಿರಾಮ್ ಎಂಬ ಮದ್ದು 1940ರ ದಶಕದಲ್ಲಿ ಡೆನ್ಮಾರ್ಕ್‌ನಲ್ಲಿ ಬಳಕೆಗೆ ಬಂತು. ಅದು ಅಸಿಟಾಲ್ಡಿಹೈಡ್ ಕರಗದಂತೆ ತಡೆಯುತ್ತದೆ. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಗೊತ್ತಿದ್ದು, ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡರೆ ಅದು ಮದ್ದು. ಗೊತ್ತಿಲ್ಲದವನ ಊಟದಲ್ಲಿ ಅದೇ ವಿಷ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಮದ್ದುಗಳಿವೆ. 'ಬೇಕು' ಎನ್ನುವುದನ್ನೇ ಸ್ವಲ್ಪ ತಗ್ಗಿಸುತ್ತವೆ. ಅವುಗಳ ಬಗ್ಗೆ ಕೇಳಿ.

ಹದಿನೇಳರ ಹುಡುಗ

ಉಡುಪಿ, ದಕ್ಷಿಣ ಕನ್ನಡ, ನಮ್ಮ ಎರಡೂ ಜಿಲ್ಲೆಗಳು ಓದುವ ಮಕ್ಕಳ ಊರು. ಹಣೆಯ ಹಿಂದಿನ ಮೆದುಳು, ಅಂದರೆ "ತಡಿ, ನಾಳೆ ಏನಾಗುತ್ತದೆ ಯೋಚಿಸು" ಎನ್ನುವ ಭಾಗ, ಪೂರ್ತಿ ಬೆಳೆಯಲು ಸುಮಾರು 25 ವರ್ಷ ಬೇಕು. 'ಬೇಕು' ಎನ್ನುವ ಭಾಗ ಹದಿನೈದಕ್ಕೇ ಜೋರಾಗಿ ಓಡುತ್ತಿರುತ್ತದೆ. ಆ ವಯಸ್ಸಿನಲ್ಲಿ ಕಲಿತದ್ದು ಗಟ್ಟಿ. ಅದು ತುಳು ಆಗಲಿ, ತಬಲಾ ಆಗಲಿ, ಸಿಗರೇಟಾಗಲಿ. ಚಟ ಹಣೆಯ ಹಿಂದಿನ ಆ ತಡೆಯುವ ಭಾಗವನ್ನೇ ಮಂಕು ಮಾಡುತ್ತದೆ. ಯಾವುದರಿಂದ ಮನಸ್ಸು ಮಾಡಬೇಕೋ ಅದಕ್ಕೇ ಪೆಟ್ಟು ಬಿದ್ದಿರುವಾಗ "ಮನಸ್ಸು ಮಾಡು" ಎಂದರೆ ಅವನು ಎಲ್ಲಿಂದ ಮಾಡಬೇಕು?

ಮೂತ್ರ ಪರೀಕ್ಷೆಯ ಕಿಟ್ ತರಲಾ ಎಂದು ತಾಯಂದಿರು ನನ್ನನ್ನು ಕೇಳುತ್ತಾರೆ. ಮೊದಲು ಮಗನ ಪಕ್ಕದಲ್ಲಿ ಕೂತು ಮಾತಾಡಿ ಎನ್ನುತ್ತೇನೆ. ಪೊಲೀಸ್ ಕೇಸಿನ ಹೆದರಿಕೆಯಿಂದ ಎಷ್ಟೋ ಮನೆಯವರು ಡಾಕ್ಟರ ಹತ್ತಿರವೇ ಹೋಗುವುದಿಲ್ಲ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಇದಕ್ಕಾಗಿಯೇ ಇದೆ. ಚಟಕ್ಕೆ ಬಿದ್ದವರು ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುತ್ತಿದ್ದು, ತಾವಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದರೆ ಅವರಿಗೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಮುಗಿಸಬೇಕು ಎನ್ನುವುದೇ ಷರತ್ತು. ಫೋನಿನಲ್ಲಿ ಕೇಳುವುದಾದರೆ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416.

ಬಿಟ್ಟ ಮೇಲೆ

ಮಾವ ಗುಣವಾಗಿ ಮನೆಗೆ ಬಂದರು. ಆಮೇಲೆ ಮದ್ಯವರ್ಜನ ಶಿಬಿರಕ್ಕೂ ಹೋದರು. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ನಡೆಸುವ ಶಿಬಿರಗಳು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾಲ್ಕು ತಿಂಗಳು ಚೆನ್ನಾಗಿದ್ದರು. ಒಂದು ಸಂಜೆ ಉಡುಪಿಯಿಂದ ಬರುವಾಗ ಗಡಂಗಿನ ಎದುರಿನ ಸ್ಟಾಪಿನಲ್ಲಿ ಬಸ್ಸು ಇಳಿದರು, ಅಷ್ಟೇ. ಮನೆಗೆ ಬಂದದ್ದು ರಾತ್ರಿ ಹತ್ತಕ್ಕೆ. "ಇಷ್ಟೆಲ್ಲಾ ಮಾಡಿಯೂ ಹೀಗೆ" ಎಂದು ಮನೆಯಲ್ಲಿ ಎಲ್ಲರೂ ಕೈ ಚೆಲ್ಲಿದರು.

ಆ ಹೊತ್ತಿಗೆ ನಾನು ಓದಿದ್ದ ಒಂದು ಅಧ್ಯಯನ ನನ್ನನ್ನು ಹಿಡಿದು ನಿಲ್ಲಿಸಿತು. 1971ರ ಹೊತ್ತಿಗೆ ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಬಹಳ ಜನ ಹೆರಾಯಿನ್ ಚಟಕ್ಕೆ ಬಿದ್ದಿದ್ದರು. ಅವರು ಊರಿಗೆ ಮರಳಿದ ಮೇಲೆ ಏನಾಯಿತು ಎಂದು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿಕೊಂಡು ಹೋದರು. ಎಲ್ಲರ ಊಹೆಗೆ ಉಲ್ಟಾ, ಮತ್ತೆ ಚಟಕ್ಕೆ ಬಿದ್ದವರು ಬಹಳ ಕಡಿಮೆ. ಆ ಕಾಡು, ಆ ಭಯ, ಆ ಗೆಳೆಯರು, ಕೈಗೆ ಸಿಗುವ ಪುಡಿ, ಎಲ್ಲಾ ಹಿಂದೆ ಉಳಿದಿತ್ತು. ಹಾರ್ನ್ ಅಲ್ಲೇ ಉಳಿದಿತ್ತು. ನಮ್ಮ ಶಿಬಿರದವರದ್ದು ಇದರ ತಲೆಕೆಳಗು. ಬಿಡುವುದು ಬೇರೆ ಕಡೆ, ಮರಳುವುದು ಹಾರ್ನ್ ಇರುವ ಊರಿಗೇ. ಹಾಗಾಗಿ ಮರಳಿ ಬೀಳುವುದನ್ನು ಹಳೆಯ ಸಕ್ಕರೆ ಕಾಯಿಲೆ ಮತ್ತೆ ಏರಿದ ಹಾಗೆ ನೋಡಬೇಕು. ಔಷಧ ಬದಲಿಸುತ್ತೇವೆ, ಪಥ್ಯ ಬದಲಿಸುತ್ತೇವೆ, ಬೈದು ಹೊರಗೆ ಹಾಕುವುದಿಲ್ಲ.

ಮೆದುಳೂ ನಿಧಾನವಾಗಿ ದಕ್ಕೆಗಳನ್ನು ಮತ್ತೆ ಕಟ್ಟುತ್ತದೆ. ಮೆಥಾಂಫೆಟಮಿನ್ ಬಿಟ್ಟವರ ಡೋಪಮಿನ್ ವ್ಯವಸ್ಥೆ ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ ಬಹಳಷ್ಟು ಚೇತರಿಸಿಕೊಂಡದ್ದನ್ನು ಸ್ಕ್ಯಾನ್‌ಗಳು ತೋರಿಸಿವೆ. ಮೊದಲ ತಿಂಗಳುಗಳು ಮಾತ್ರ ಬಹಳ ಸಪ್ಪೆ. ಯಾವುದರಲ್ಲೂ ರುಚಿ ಇಲ್ಲ. ಆ ಸಮಯದಲ್ಲಿ ಪಕ್ಕದಲ್ಲಿ ಯಾರಾದರೂ ಬೇಕು.

ಅತ್ತೆ, ನಾನು, ಮಾವ ಮೂವರೂ ಕೂತು ಒಂದು ಕಾಗದದ ಮೇಲೆ ಅವರ ಹಾರ್ನ್‌ಗಳನ್ನೆಲ್ಲಾ ಬರೆದೆವು. ಡಾಕ್ಟರು ಮದ್ದು ಬದಲಿಸಿದರು. ಮಾವ ಈಗ ಒಂದು ಸ್ಟಾಪ್ ಮುಂಚೆ ಇಳಿದು ಗದ್ದೆ ಬದಿಯಲ್ಲಿ ನಡೆದು ಬರುತ್ತಾರೆ. ಮುರಿದು ಕೂಡಿದ ಕಾಲು, ಮಳೆಗಾಲದಲ್ಲಿ ಕೆಸರು, ಅರ್ಧ ಗಂಟೆಯ ದಾರಿ. ಜೂನ್, ಜುಲೈಯಲ್ಲಿ ಬಲೆ ರಿಪೇರಿಯ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಆರು ಗಂಟೆ ಕಳೆದ ಮೇಲೆಯೇ ಬಿಡಿ ಎಂದು ಅವರೇ ಕೇಳಿಕೊಂಡಿದ್ದಾರೆ.

ಕಳೆದ ಸಲ ಕಾಲಿನ ರಾಡ್ ತೆಗೆಸಲು ಆಸ್ಪತ್ರೆಗೆ ಸೇರಿಸಿದೆವು. ಫಾರ್ಮ್ ತುಂಬುತ್ತಿದ್ದ ಹುಡುಗಿ "ಕುಡಿಯುವ ಅಭ್ಯಾಸ ಇದೆಯಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: "ಬರ್ಕೊಳ್ಳಿ. ದಿನಕ್ಕೆ ಎರಡು ಕ್ವಾರ್ಟರ್, ಇಪ್ಪತ್ತು ವರ್ಷ. ಬಿಟ್ಟು ಹದಿನಾಲ್ಕು ತಿಂಗಳಾಯಿತು. ನಡುವೆ ಒಂದು ಸಲ ಬಿದ್ದಿದ್ದೆ, ಅದನ್ನೂ ಬರ್ಕೊಳ್ಳಿ."